ಸಹಾಯ ಬೇಕು: ಡಿಎಸ್‌ಡಿಟಿ ತಿದ್ದಿದ ಮೇಲೆ ಎಸ್3 ನಿದ್ರೆಯಿಂದ ಎದ್ದ ಲ್ಯಾಪ್‌ಟಾಪ್ ಬಿಸಿಯಾಗುತ್ತಿದೆ

ಎಸಿಪಿಐ (ವಿದ್ಯುತ್, ನಿದ್ರೆ ನಿರ್ವಹಣೆಗೆ ಫರ್ಮ್‌ವೇರ್ ಮತ್ತು ಆಪರೇಟಿಂಗ್ ಸಿಸ್ಟಮ್ ನಡುವಿನ ಮಾನಕ) ಬಲ್ಲವರು ದಯವಿಟ್ಟು ನೋಡಿ. ನನ್ನ ಲಿನಕ್ಸ್ ಲ್ಯಾಪ್‌ಟಾಪಿನ ಫರ್ಮ್‌ವೇರ್ ಎಸ್3 ನಿದ್ರೆಯನ್ನು (ಮೆಮೊರಿ ಬಿಟ್ಟು ಬಹುತೇಕ ಎಲ್ಲ ಆಫ್ ಆಗುವ ಗಾಢ ನಿದ್ರೆ) ಕೊಡುವುದೇ ಇಲ್ಲ, ಎಸ್2ಐಡಲ್ (ಹಗುರ ನಿದ್ರೆ) ಮಾತ್ರ. ಅದರಲ್ಲಿ ರಾತ್ರಿ ಬೆಳಗಾಗುವುದರೊಳಗೆ ಬ್ಯಾಟರಿ ಬರಿದು. ಹಾಗಾಗಿ ಡಿಎಸ್‌ಡಿಟಿಯನ್ನು (ಯಂತ್ರಾಂಶವನ್ನು ವಿವರಿಸುವ ಫರ್ಮ್‌ವೇರ್‌ನ ಎಸಿಪಿಐ ಕೋಷ್ಟಕ) ಡಿಸ್‌ಅಸೆಂಬಲ್ ಮಾಡಿ, ಎಸ್3 ಪ್ಯಾಕೇಜ್ ಸೇರಿಸಿ, ಒಇಎಂ ರಿವಿಷನ್ ಸಂಖ್ಯೆ ಏರಿಸಿ, ಸಂಕುಚಿಸದ ಸಿಪಿಐಒ ಆರ್ಕೈವ್ ಕಡತವಾಗಿ ಇನಿಟ್‌ಆರ್‌ಡಿಗಿಂತ (ಬೂಟ್ ವೇಳೆಯ ತಾತ್ಕಾಲಿಕ ಕಡತ ವ್ಯವಸ್ಥೆ) ಮೊದಲು ಲೋಡ್ ಆಗುವಂತೆ ಇಟ್ಟಿದ್ದೇನೆ. ಸೆಕ್ಯೂರ್ ಬೂಟ್ ಆಫ್ ಆಗಿದೆ. ಹೊಸ ಕೋಷ್ಟಕ ಜಾರಿಯಾದದ್ದು ಕರ್ನಲ್ ಲಾಗ್‌ನಲ್ಲಿ ಸ್ಪಷ್ಟವಾಗಿದೆ, ನಿದ್ರೆಯ ಬಗೆ ತೋರಿಸುವ ಮೆಮ್_ಸ್ಲೀಪ್ ಕಡತದಲ್ಲಿ ‘ಡೀಪ್’ (ಎಸ್3) ಆಯ್ಕೆಯೂ ಬಂದಿದೆ.

ನಿದ್ರೆಗೆ ಚೆನ್ನಾಗಿಯೇ ಹೋಗುತ್ತದೆ. ಎದ್ದ ಕೂಡಲೇ ಜಿಪಿಇ 6ಇ (ಯಂತ್ರಾಂಶ ಎಸಿಪಿಐಗೆ ಕಳಿಸುವ ಒಂದು ಘಟನಾ ಸಂಕೇತ) ಎಣಿಕೆ ಎಡೆಬಿಡದೆ ಏರತೊಡಗುತ್ತದೆ. ಒಂದು ಸಿಪಿಯು ಕೋರ್ ಪೂರ್ತಿ ಕೆವರ್ಕರ್ (ಕರ್ನಲ್‌ನ ಹಿನ್ನೆಲೆ ಕೆಲಸಗಾರ) ಪಾಲು, ಫ್ಯಾನ್ ನಿಲ್ಲುವುದೇ ಇಲ್ಲ. ಎಸಿಪಿಐ_ಮಾಸ್ಕ್_ಜಿಪಿಇ ಆಯ್ಕೆಯಿಂದ ಅದನ್ನು ಮುಚ್ಚಿದರೆ ಶಾಖ ಇಳಿಯುತ್ತದೆ, ಆದರೆ ಬ್ಯಾಟರಿಯ ಶೇಕಡಾವಾರು ನಿಂತಲ್ಲೇ ನಿಲ್ಲುತ್ತದೆ, ಮುಚ್ಚಳ ಮುಚ್ಚಿದ್ದೂ ತಿಳಿಯುವುದಿಲ್ಲ. ಈ ಯಂತ್ರದಲ್ಲಿ 6ಇ ಎಂದರೆ ಎಂಬೆಡೆಡ್ ಕಂಟ್ರೋಲರ್‌ನದೇ (ಬ್ಯಾಟರಿ, ಮುಚ್ಚಳ ನೋಡಿಕೊಳ್ಳುವ ಚಿಪ್) ಸಂಕೇತ. ಅದನ್ನು ಮುಚ್ಚುವುದು ಪರಿಹಾರವಲ್ಲ ಎಂದೇ ನನ್ನ ಅನಿಸಿಕೆ.

ನನ್ನ ಅನುಮಾನ ನಿದ್ರೆಯಿಂದ ಎದ್ದಾಗ ನಡೆಯುವ _ಡಬ್ಲ್ಯುಎಕೆ ಮೆಥಡ್ ಮೇಲೆ. ಅದರಲ್ಲಿ ಎಸ್4ರಿಂದ (ಹೈಬರ್ನೇಟ್) ಎದ್ದಾಗ ಕಂಟ್ರೋಲರ್‌ಗೆ ಸೂಚನೆ ಕೊಡುವ ಸಾಲುಗಳಿವೆ, ಎಸ್3 ಕವಲು ಖಾಲಿ. ಅವೇ ಸಾಲುಗಳನ್ನು ಅಲ್ಲಿಗೂ ನಕಲಿಸುವುದು ಸುರಕ್ಷಿತವೇ? ಹೀಗೆ ಮಾಡಿ ನೋಡಿದವರಿದ್ದರೆ ತಿಳಿಸಿ. ಡಿಎಸ್‌ಎಲ್ ಕಡತ (ಡಿಎಸ್‌ಡಿಟಿಯ ಓದಬಹುದಾದ ಕೋಡ್), ಲಾಗ್ ಎರಡೂ ಸಿದ್ಧವಿವೆ, ಕೇಳಿದ ಕೂಡಲೇ ಹಾಕುತ್ತೇನೆ.