ವೀರಗಲ್ಲು, ಫ್ಲೆಕ್ಸು, ಸತ್ತ ಜಿರಳೆ

ಸಂಜೆ ಆರೂವರೆ. ದಾವಣಗೆರೆಯಲ್ಲಿ ಈ ಹೊತ್ತಿಗೆ ಮಂಡಕ್ಕಿ-ಮೆಣಸಿನಕಾಯಿ ಬಿಟ್ಟು ಬೇರೆ ವಿಷಯ ತೆಗೆಯುವುದು ಅಪರಾಧ. ಆದರೂ ಮಂಜ ತಟ್ಟೆ ಪಕ್ಕಕ್ಕೆ ಸರಿಸಿ ಸರ್ಕ್ಯೂಟ್ ಬೋರ್ಡು ಇಟ್ಟ.

"ಬಸಣ್ಣ, ಟ್ರಾನ್ಸಿಸ್ಟರ್ ಕಾಲು ಅದಲುಬದಲಾಗ್ಯಾವೆ. ಇಪ್ಪತ್ತು ಬೋರ್ಡು ಐತೆ."

"ಪಾರ್ಟು ಯಾವುದು?"

"ಬಿಸಿ847. ಸಾಟ್-23, ಮೂರು ಕಾಲಿನ ಪುಟಾಣಿ ಮೈಯದು."

"ನಕ್ಷೇಲಿ ಹಳೇ ಉದ್ದಕಾಲಿನ ಬಿಸಿ547 ಚಿಹ್ನೆ ಎಳೆದು, ಅದಕ್ಕೆ ಸಾಟ್-23 ಪ್ಯಾಡು, ಅಂದ್ರೆ ಕಾಲು ಕೂರೋ ತಾಮ್ರದ ಚುಕ್ಕೆ, ಗಂಟುಹಾಕಿದ್ಯಾ?"

ಮಂಜ ಮೆಣಸಿನಕಾಯಿ ಕಚ್ಚಿದ. ಹೌದು ಅಂತ ಅರ್ಥ.

"547ಕ್ಕೆ ಒಂದು, ಎರಡು, ಮೂರು ಅಂದ್ರೆ ಕಲೆಕ್ಟರ್, ಬೇಸ್, ಎಮಿಟರ್. 847ಕ್ಕೆ ಬೇಸ್, ಎಮಿಟರ್, ಕಲೆಕ್ಟರ್. ಸಾಲು ಅದೇ, ಒಂದು ಮನೆ ಜರುಗೈತೆ ಅಷ್ಟೇ. ಮೈಮೇಲಿನ ಅಕ್ಷರ ಮೇಲೇ ಇರಲಿ, ಗಡಿಯಾರದ ಮುಳ್ಳಿಗೆ ಎದುರಾಗಿ ಒಂದು ಪ್ಯಾಡಿನಷ್ಟು ತಿರುಗಿಸು. ಒಂದನೇ ಕಾಲು ಎರಡನೇ ಪ್ಯಾಡಿಗೆ ಬರಬೇಕು."

"ಕೂರುತ್ತಾ?"

"ಮದುವೆ ಮನೆ ಪಂಕ್ತೀಲಿ ಕೂತಂಗೆ ಸ್ವಲ್ಪ ಒತ್ಕೊಂಡು ಕೂರುತ್ತೆ. ಒಂದನೇ ಮತ್ತು ಎರಡನೇ ಕಾಲಿನ ನಡುವೆ 1.9 ಮಿ.ಮೀ., ಮೂರನೇದಕ್ಕೆ ಸುಮಾರು 2.2. ಪಾದ ಓರೆ ಆಗುತ್ತೆ. ಮೊದಲು ಒಂದೇ ಪ್ಯಾಡಿಗೆ ಸೋಲ್ಡರ್ ಹಾಕಿ, ಚಿಮಟದಲ್ಲಿ ಹಿಡಿದು ಒಂದು ಕಾಲು ನಿಲ್ಲಿಸ್ಕೋ. ಉಳಿದೆರಡಕ್ಕೆ ಆಮೇಲೆ ಫ್ಲಕ್ಸು ಹಚ್ಚು."

ರಾಜಣ್ಣನಿಗೆ ಸಮಾಧಾನವಿಲ್ಲ. "ತಿರುಗಿಸೋ ರಗಳೆ ಯಾಕೆ? ದೋಸೆ ಥರ ಮಗುಚಿ ಹಾಕಿದ್ರೆ ಆಯ್ತಪ್ಪ."

"ಎಡಗೈ ಟೇಬಲ್ ಮೇಲೆ ಇಡು. ಎಷ್ಟು ಸುತ್ತು ತಿರುಗಿಸಿದ್ರೂ ಅದು ಎಡಗೈಯೇ. ಅಂಗೈ ಮೇಲೆ ಮಾಡಿದಾಗ ಮಾತ್ರ ಹೆಬ್ಬೆರಳು ಆಚೆ ಹೋಗುತ್ತೆ. ಮಗುಚೋದು ಅಂದ್ರೆ ಅದು. ಇವನು 2ಎನ್3904 ಚಿಹ್ನೆ ಎಳೆದಿದ್ರೆ ಅದೇ ಬೇಕಾಗ್ತಿತ್ತು. ಅದರ ಸಾಲು ಎಮಿಟರ್, ಬೇಸ್, ಕಲೆಕ್ಟರ್. ಅಲ್ಲಿ ಎರಡು ಕಾಲು ಮಾತ್ರ ಜಾಗ ಬದಲಾಯಿಸ್ಯಾವೆ, ಎಷ್ಟು ತಿರುಗಿಸಿದ್ರೂ ಸರಿಹೋಗಲ್ಲ. ಮೂರು ಕಾಲಿಗೆ ಒಟ್ಟು ಆರು ಕ್ರಮ. ಅಕ್ಷರ ಮೇಲಿದ್ದಾಗ ಮೂರು, ಕವುಚಿ ಹಾಕಿದಾಗ ಮೂರು. ಅದರಾಚೆ ತಪ್ಪು ಮಾಡ್ತೀನಿ ಅಂದ್ರೂ ಮಂಜನ ಕೈಲಿ ಆಗಲ್ಲ."

"ಅಷ್ಟು ನಂಬಿಕೆ ಬೇಡ," ಅಂದ ರಾಜಣ್ಣ.

ಕವುಚಿದ ಪಾರ್ಟಿನ ತಾಪತ್ರಯ ಬೇರೆ. ಪಾದಗಳು ಬೋರ್ಡಿನಿಂದ ಸುಮಾರು ಒಂದು ಮಿ.ಮೀ. ಮೇಲೆ ಆಕಾಶ ನೋಡುತ್ತಿರುತ್ತವೆ. ಕಾಲನ್ನು ಮೈ ಹತ್ತಿರ ಚಿಮಟದಲ್ಲಿ ಗಟ್ಟಿ ಹಿಡಿದು, ತುದಿಯನ್ನು ಮಾತ್ರ ಒಂದೇ ಸಲ ಕೆಳಗೆ ಬಗ್ಗಿಸಬೇಕು. ಹಿಂದೆ ಮುಂದೆ ಆಡಿಸಿದರೆ ಮುರಿಯಿತು ಅಂತಲೇ ಲೆಕ್ಕ. ಕರೆಂಟು ಕೊಡುವ ಮುಂಚೆ ಮೀಟರನ್ನು ಡಯೋಡ್ ಗುರುತಿಗೆ ಇಟ್ಟು, ಕೆಂಪು ಕಡ್ಡಿ ಬೇಸ್ ಪ್ಯಾಡಿಗೆ, ಕಪ್ಪು ಉಳಿದೆರಡಕ್ಕೆ. ಎರಡೂ ಕಡೆ 0.6ರಿಂದ 0.7 ವೋಲ್ಟ್ ಬಂದರೆ ಬೇಸ್ ಸರಿಯಾದ ಮನೆ ಸೇರಿದೆ. ಎಮಿಟರ್-ಕಲೆಕ್ಟರ್ ಬದಲಾಗಿದ್ದರೆ ಈ ಪರೀಕ್ಷೆ ಬಾಯಿ ಬಿಡುವುದಿಲ್ಲ. ಅದಕ್ಕೆ ಕಣ್ಣೇ ಗತಿ.

"ಎಲ್‌ಇಡಿನೂ ಉಲ್ಟಾ ಐತೆ. ಮಗುಚ್ಲಾ?"

"ಲೇ, ಎರಡೇ ತುದಿ ಇರೋದನ್ನ ಉರುಳಿಸಿದ್ರೆ ಪ್ಲಸ್ಸು ಮೈನಸ್ಸು ಅಲ್ಲೇ ಇರ್ತಾವೆ, ಬೆಳಕು ಮಾತ್ರ ಬೋರ್ಡಿಗೆ ಬೀಳುತ್ತೆ! ಅರ್ಧ ಸುತ್ತು ತಿರುಗಿಸು ಸಾಕು. ಬೋರ್ಡಿಗೆ ತೂತು ಹಾಕಿ, ಕವುಚಿದ ಎಲ್‌ಇಡಿ ಹಿಂದಿನಿಂದ ಉರಿಯೋ ಹಂಗೆ ಕೂರಿಸೋರೂ ಇದ್ದಾರೆ, ಅದಕ್ಕೇ ಬೇರೆ ಪಾರ್ಟು ಸಿಗುತ್ತೆ. ಟ್ಯಾಂಟಲಮ್ ಕೆಪಾಸಿಟರ್ ಇದ್ರೆ ನೆನಪಿಟ್ಕೋ, ಅದರ ಪಟ್ಟಿ ಪ್ಲಸ್ಸು. ಡಬ್ಬಿ ಕೆಪಾಸಿಟರಿನ ಪಟ್ಟಿ ಮೈನಸ್ಸು. ಟ್ಯಾಂಟಲಮ್ ಉಲ್ಟಾ ಕೂತ್ರೆ ದೀಪಾವಳಿ."

"ರೆಸಿಸ್ಟರ್ ಕವುಚಿದ್ರೆ?"

"ನಡೆಯುತ್ತೆ. ನಂಬರು ಕಾಣಲ್ಲ, ಅಷ್ಟೇ. ಅಡ್ಡ ಮಗ್ಗುಲಲ್ಲಿ ನಿಂತಿದ್ರೆ ಅದು ಫ್ಲೆಕ್ಸು."

"ಯಾವ ಫ್ಲೆಕ್ಸು?"

"ಸರ್ಕಲ್ಲಿನ ಹುಟ್ಟುಹಬ್ಬದ ಫ್ಲೆಕ್ಸು. ಕರೆಂಟು ಹರಿಯುತ್ತೆ, ನೋಡೋಕೆ ಚೆಂದ ಇರಲ್ಲ. 0603 ಅನ್ನೋ ಅಳತೆಯ ಕೆಪಾಸಿಟರ್ ಆದ್ರೆ ಅಗಲ ಎತ್ತರ ಎರಡೂ ಸುಮಾರು 0.8 ಮಿ.ಮೀ. ಮಗ್ಗುಲು ಯಾವುದು ಅಂತ ಅದಕ್ಕೇ ಗೊತ್ತಿರಲ್ಲ."

ಒಂದೇ ತುದಿಯ ಮೇಲೆ ಎದ್ದು ನಿಂತದ್ದು ಮಾತ್ರ ವೀರಗಲ್ಲು. ಒಂದು ಪ್ಯಾಡು ಅಗಲವಾದ ತಾಮ್ರಕ್ಕೆ ನೇರ ಅಂಟಿಕೊಂಡಿದ್ದರೆ ಅದು ತಡವಾಗಿ ಬಿಸಿಯಾಗುತ್ತದೆ. ಇನ್ನೊಂದು ಕಡೆ ಸೋಲ್ಡರ್ ಮೊದಲು ಕರಗಿ ಪಾರ್ಟನ್ನು ತನ್ನತ್ತ ಎಳೆದು ನಿಲ್ಲಿಸಿಬಿಡುತ್ತದೆ. ಆ ಪ್ಯಾಡನ್ನು ಅಗಲ ತಾಮ್ರಕ್ಕೆ ಸಣ್ಣ ತಾಮ್ರದ ಎಳೆಗಳಲ್ಲಿ ಮಾತ್ರ ಜೋಡಿಸಿದರೆ ಕಾಟ ಕಡಿಮೆ.

"ಬೇಕಂತಲೇ ನಿಲ್ಲಿಸೋದೂ ಉಂಟು," ಅಂದ ಬಸಣ್ಣ. "ಐಸಿಗಳು ಮಾತಾಡಿಕೊಳ್ಳೋ ಐ-ಸ್ಕ್ವೇರ್-ಸಿ ತಂತಿಗೆ ಪುಲ್-ಅಪ್, ಅಂದ್ರೆ ಸಪ್ಲೈ ಕಡೆ ಎಳೆದು ಹಿಡಿಯೋ ರೆಸಿಸ್ಟರ್, ಮರೆತಿದ್ದೀ ಅಂತಿಟ್ಕೋ..."

"ಅಂತಿಟ್ಕೊಳ್ಳೋದು ಬೇಡ, ಮರೆತಿದ್ದಾನೆ," ಅಂದ ರಾಜಣ್ಣ, ಬೋರ್ಡು ನೋಡುತ್ತ.

"...ಎರಡು 4.7 ಕಿಲೊ ಓಮ್ 0603 ತಗೋ, ಒಂದೊಂದು ತಂತಿ ಪ್ಯಾಡಿನ ಮೇಲೆ ಒಂದೊಂದು ನೆಟ್ಟಗೆ ನಿಲ್ಲಿಸು. ಎರಡರ ತಲೆ ಸೇರಿಸಿ ಎನಾಮಲ್ ತಂತಿಯಲ್ಲಿ 3.3 ವೋಲ್ಟಿಗೆ ಕೊಡು. ಬುಡಕ್ಕೆ ಎಪಾಕ್ಸಿ ಹಾಕು, ಇಲ್ಲಾಂದ್ರೆ ತಂತಿ ಎಳೆದಾಗ ಪ್ಯಾಡೇ ಕಿತ್ಕೊಂಡು ಬರುತ್ತೆ. ವಿನಿಗರ್ ವಾಸನೆ ಬರೋ ಸಿಲಿಕೋನ್ ಬೇಡ, ತಾಮ್ರ ತಿನ್ನುತ್ತೆ. ಒಂದೇ ಜಾಗದಲ್ಲಿ 20 ಕಿಲೊ ಬೇಕಾ? ಎರಡು 10 ಕಿಲೊ ಗುಡಿಸಲಂಗೆ ತಲೆಗೆ ತಲೆ ಕೊಟ್ಟು ನಿಲ್ಲಿಸು. 5 ಕಿಲೊ ಬೇಕಾದ್ರೆ ಒಂದರ ಮೇಲೊಂದು ಹೇರು."

"ಎಂಟು ಕಾಲಿನ ಐಸಿನೂ ಎಡಬಲ ಅದಲುಬದಲಾಗಿ ಕನ್ನಡಿಯೊಳಗಿನ ಗಂಟಾಗೈತೆ," ಅಂದ ಮಂಜ ಮೆಲ್ಲಗೆ.

"ಏನಪ್ಪಾ, ಸರಿಯಾಗಿರೋದನ್ನ ಹೇಳಿಬಿಡು, ಬೇಗ ಮುಗಿಯುತ್ತೆ. ಅದಕ್ಕೆ ಸತ್ತ ಜಿರಳೆ. ಬೆನ್ನ ಮೇಲೆ ಮಲಗಿಸು, ಕೆಳಗೆ ಬಿಸಿ ತಡೆಯೋ ಕ್ಯಾಪ್ಟಾನ್ ಟೇಪು. ಕಾಲು ಬಗ್ಗಿಸೋಕೆ ಹೋಗಬೇಡ, ಎಂಟನೇದು ಮುರಿದು ಏಳರ ಶ್ರಮ ಹಾಳಾಗುತ್ತೆ. ಪ್ರತಿ ಕಾಲೂ ಅದರದೇ ಪ್ಯಾಡಿನ ಮೇಲೇ ಬಂದಿರುತ್ತೆ, 30 ಗೇಜ್ ತಂತಿಯ ತುಂಡು ಸಾಕು. ತಂತಿ ಒಂದೊಂದು ಮಿ.ಮೀ.ಗೂ ಸುಮಾರು ಒಂದು ನ್ಯಾನೊ ಹೆನ್ರಿ ಸೇರಿಸುತ್ತೆ. ಅದಕ್ಕೆ 100 ನ್ಯಾನೊ ಫ್ಯಾರಡ್ ಕೆಪಾಸಿಟರನ್ನ ಜಿರಳೆ ಹೊಟ್ಟೆ ಮೇಲೇ, ಸಪ್ಲೈ ಕಾಲಿಂದ ಗ್ರೌಂಡ್ ಕಾಲಿಗೆ ಕಟ್ಟು."

"ಕಾಲು ಚಾಚದ, ಹೊಟ್ಟೆಯಡಿ ಪ್ಯಾಡಿರೋ ಕ್ಯೂಎಫ್‌ಎನ್ ಐಸಿ?"

"ಏನು ಅದು?"

"ಮೋಟಾರ್ ಡ್ರೈವರ್."

ಬಸಣ್ಣ ಕೈಯೊರೆಸಿಕೊಂಡ. "ಆ ಪ್ಯಾಡಿಂದಲೇ ಬಿಸಿ ಬೋರ್ಡಿಗೆ ಇಳಿಯಬೇಕು. ಹೊಟ್ಟೆ ಮೇಲೆ ಮಾಡಿದ್ರೆ ಅದು ಜಿರಳೆ ಅಲ್ಲ, ಬಜ್ಜಿ. ಹೊಸ ಬೋರ್ಡು ಮಾಡಿಸು."

"ಹಂಗಾದ್ರೆ ಇಷ್ಟೊತ್ತು ಹೇಳಿದ್ದು?"

"ಅದನ್ನ ಮೊದಲೇ ಕೇಳಿದ್ರೆ ಮೆಣಸಿನಕಾಯಿ ಬಿಸಿಯಾಗಿದ್ದಾಗಲೇ ತಿನ್ತಿದ್ವಿ."