ನಮ್ಮ ಪ್ಯಾಚ್ ಉಳಿಸಿಕೊಂಡು ಫ್ರೀಬಿಎಸ್‌ಡಿ 13ರಿಂದ 14ಕ್ಕೆ ಹೋಗುವುದು ಹೇಗೆ?

ಬದಿಯಡ್ಕದವ:
ನಮ್ಮ ವಾಚನಾಲಯದಲ್ಲಿ ಒಂದು ಹಳೆ ಪಿಸಿ ಉಂಟು. 4 ಜಿಬಿ ರ‍್ಯಾಮ್, ಆಪರೇಟಿಂಗ್ ಸಿಸ್ಟಮ್ ಫ್ರೀಬಿಎಸ್‌ಡಿ 13.5, ಡಿಸ್ಕಿನ ಫೈಲ್ ಸಿಸ್ಟಮ್ ಝಡ್‌ಎಫ್‌ಎಸ್. ಹಳೇ ಕನ್ನಡ ಪತ್ರಿಕೆಗಳ ಸ್ಕ್ಯಾನ್ ಎಲ್ಲ ಅದರಲ್ಲೇ ಇದೆ. 13ರ ಸರಣಿಗೆ 2026ರ ಏಪ್ರಿಲ್ 30ರವರೆಗೆ ಮಾತ್ರ ಸೆಕ್ಯುರಿಟಿ ಪ್ಯಾಚ್, ಹಾಗಾಗಿ 14.3ಕ್ಕೆ ಹೋಗಬೇಕು. ಆದರೆ ಲ್ಯಾನ್ ಡ್ರೈವರ್‌ಗೆ ನಾವೇ ಒಂದು ಪ್ಯಾಚ್ (ಕೋಡಿನಲ್ಲಿ ತಿದ್ದುಪಡಿ) ಹಾಕಿ ಕರ್ನೆಲ್ (ಸಿಸ್ಟಮ್ಮಿನ ತಿರುಳು) ಬಿಲ್ಡ್ ಮಾಡಿಕೊಂಡಿದ್ದೇವೆ, ಕಾನ್ಫಿಗ್ ಫೈಲೂ ನಮ್ಮದೇ. ಅಪ್‌ಗ್ರೇಡ್ ಮಾಡುವ ಫ್ರೀಬಿಎಸ್‌ಡಿ-ಅಪ್‌ಡೇಟ್ ಕಮಾಂಡ್ ಓಡಿಸಿದರೆ ಬರುವುದು ರೆಡಿಮೇಡ್ ಕರ್ನೆಲ್, ಅದರಲ್ಲಿ ನಮ್ಮ ಪ್ಯಾಚ್ ಇರುವುದಿಲ್ಲ. ಸೋರ್ಸಿನಿಂದಲೇ ಮಾಡಬೇಕು ಅಲ್ವಾ? ಇನ್ನೊಂದು ಹೆದರಿಕೆ ಕರೆಂಟಿನದ್ದು. ಈ ಮಳೆಗಾಲದಲ್ಲಿ ಒಂದು ಅಡಿಕೆ ಮರ ಲೈನಿನ ಮೇಲೆ ಬಿದ್ದರೆ ಆ ದಿನದ ಕೆಲಸ ಅಲ್ಲಿಗೇ ನಿಂತಿತು.

ಉಪ್ಪಳ_ಟರ್ಮಿನಲ್:
ಹೌದು, ಸೋರ್ಸಿನಿಂದಲೇ ಮಾಡಿ. ಮೊದಲು ಗಿಟ್ ಲಾಗ್ (ಸೋರ್ಸ್ ಕೋಡಿನ ಬದಲಾವಣೆಗಳ ದಾಖಲೆ) ನೋಡಿ, ನೀವು ಸರಿಪಡಿಸಿದ ದೋಷ 14.3ರಲ್ಲಿ ಆಗಲೇ ಸರಿಯಾಗಿರಲೂಬಹುದು. ಇಲ್ಲದಿದ್ದರೆ ಪ್ಯಾಚನ್ನು ಗಿಟ್‌ನಲ್ಲಿ ಒಂದು ಕಮಿಟ್ (ದಾಖಲಾದ ಬದಲಾವಣೆ) ಮಾಡಿ, 14.3ರ ಕೋಡ್ ಇರುವ ರೆಲೆಂಗ್ 14.3 ಬ್ರಾಂಚಿನ ಮೇಲೆ ಚೆರ‍್ರಿ-ಪಿಕ್ ಮಾಡಿ, ಅಂದರೆ ಆ ಒಂದು ಬದಲಾವಣೆಯನ್ನು ಮಾತ್ರ ಅಲ್ಲಿಗೆ ತನ್ನಿ. ಕಾನ್‌ಫ್ಲಿಕ್ಟ್ ಬರಲಿಲ್ಲ ಅಂತ ಸುಮ್ನೆ ಮುಂದೆ ಹೋಗಬೇಡಿ, ಸುತ್ತಲಿನ ಕೋಡ್ ಬದಲಾಗಿದೆಯಾ ಅಂತ ಕಣ್ಣಾಡಿಸಿ.

ಕರೆಂಟಿನ ವಿಷಯದಲ್ಲಿ ಅಷ್ಟೊಂದು ಹೆದರಬೇಡಿ ಮಾರಾಯ್ರೆ. ಬಿಲ್ಡ್‌ವರ್ಲ್ಡ್ (ಕರ್ನೆಲ್ ಬಿಟ್ಟು ಉಳಿದ ಸಿಸ್ಟಮ್ ಕಂಪೈಲ್ ಮಾಡುವುದು), ಬಿಲ್ಡ್‌ಕರ್ನೆಲ್ (ಕರ್ನೆಲ್ ಕಂಪೈಲ್ ಮಾಡುವುದು) ಎರಡೂ ಬರೆಯುವುದು ಕಂಪೈಲ್ ಆದದ್ದನ್ನು ಇಡುವ ಆಬ್ಜ್ ಡೈರೆಕ್ಟರಿಗೆ ಮಾತ್ರ, ಓಡುತ್ತಿರುವ ಸಿಸ್ಟಮ್ಮನ್ನು ಮುಟ್ಟುವುದೇ ಇಲ್ಲ. ಅರ್ಧಕ್ಕೆ ನಿಂತರೆ ಆಗಲೇ ಆದದ್ದು ಅಳಿಯದಂತೆ ನೋ_ಕ್ಲೀನ್ ಕೊಟ್ಟು ಮತ್ತೆ ಶುರು ಮಾಡಿದರಾಯಿತು. ಅಪಾಯ ಇರುವುದು ಬಿಲ್ಡ್ ಆದದ್ದನ್ನು ಸಿಸ್ಟಮ್ಮಿಗೆ ಹಾಕುವ ಇನ್‌ಸ್ಟಾಲ್‌ವರ್ಲ್ಡ್‌ನಲ್ಲಿ. ಅದು ಬಿಲ್ಡಿನಷ್ಟು ಹೊತ್ತು ಹಿಡಿಯುವುದಿಲ್ಲ, ಆದರೆ ನಡುವೆ ಕರೆಂಟ್ ಹೋದರೆ ಅರ್ಧ ಹಳೇದು ಅರ್ಧ ಹೊಸದು ಆಗಿ ಕೂರುತ್ತದೆ. ಅಷ್ಟು ಹೊತ್ತಿಗೆ ಪಿಸಿಯನ್ನು ಇನ್ವರ್ಟರ್‌ಗೆ ಹಾಕಿ.

ಮಂಜೇಶ್ವರ_ರೂಟ್:
ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ. ನಿಮ್ಮ ಕಾನ್ಫಿಗ್ ಫೈಲ್ 13ರ ಜೆನೆರಿಕ್ (ಸಿಸ್ಟಮ್ ಜೊತೆಗೇ ಬರುವ ಕಾನ್ಫಿಗ್) ಫೈಲಿನ ನಕಲಾ? ಹಾಗಾದರೆ ಅದನ್ನು 14ಕ್ಕೆ ಹಾಗೇ ಕೊಡಬೇಡಿ. ಮೊದಲು ಹೊಸ ಕರ್ನೆಲ್ ಹಾಕಿ ರೀಬೂಟ್ ಮಾಡುತ್ತೇವೆ, ಆಮೇಲೆ ಇನ್‌ಸ್ಟಾಲ್‌ವರ್ಲ್ಡ್. ಹೊಸ ಕರ್ನೆಲ್ಲಿನ ಮೇಲೆ ಹಳೆ ಪ್ರೋಗ್ರಾಮುಗಳು ಓಡುತ್ತವೆ, ಹಳೆ ಕರ್ನೆಲ್ಲಿಗೆ ಹೊಸ ಸಿಸ್ಟಮ್ ಕಾಲ್‌ಗಳು (ಪ್ರೋಗ್ರಾಮುಗಳು ಕರ್ನೆಲ್ಲಿಗೆ ಮಾಡುವ ಕೋರಿಕೆಗಳು) ಗೊತ್ತಿರುವುದಿಲ್ಲ, ಅದಕ್ಕೇ ಈ ಕ್ರಮ. ಆದರೆ ಹಳೇ ಪ್ರೋಗ್ರಾಮ್ ಓಡಬೇಕಾದರೆ ಕರ್ನೆಲ್ಲಿನಲ್ಲಿ ಕಂಪ್ಯಾಟ್_ಫ್ರೀಬಿಎಸ್‌ಡಿ13 ಆಪ್ಷನ್ ಇರಬೇಕು. 14ರ ಜೆನೆರಿಕ್‌ನಲ್ಲಿ ಅದು ಇದೆ, 13ರ ನಕಲಿನಲ್ಲಿ ಎಲ್ಲಿಂದ ಬರಬೇಕು? ಕಾನ್ಫಿಗ್ ಫೈಲಿನ ತಲೆಯಲ್ಲಿ ‘ಇನ್‌ಕ್ಲೂಡ್ ಜೆನೆರಿಕ್’ ಅಂತ ಹಾಕಿ, ನಿಮ್ಮ ಬದಲಾವಣೆ ಮಾತ್ರ ಕೆಳಗೆ ಬರೆಯಿರಿ. ರೀಬೂಟ್ ಆದ ಮೇಲೆ ಸಿಂಗಲ್ ಯೂಸರ್ ಮೋಡ್‌ನಲ್ಲಿ ಇನ್‌ಸ್ಟಾಲ್‌ವರ್ಲ್ಡ್‌ಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಇಟಿಸಿಅಪ್‌ಡೇಟ್ (ಸಿಸ್ಟಮ್ಮಿನ ಸೆಟ್ಟಿಂಗ್ ಫೈಲುಗಳನ್ನು ಹೊಸದಕ್ಕೆ ಹೊಂದಿಸುವ ಕಮಾಂಡ್) ಓಡಿಸಿ.

ಬದಿಯಡ್ಕದವ:
ಹೌದಣ್ಣ, 13ರ ನಕಲೇ. ಬದಲಾಯಿಸುತ್ತೇನೆ. ಈ ಪಿಸಿ ತುಂಬಾ ನಿಧಾನ, ಮನೆಯ ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಮಾಡಿ ತಂದರೆ ಆಗ್ತದಾ?

ಮಂಜೇಶ್ವರ_ರೂಟ್:
ಆಗ್ತದೆ, ಅದೇ ಒಳ್ಳೆಯದು. ಲ್ಯಾಪ್‌ಟಾಪಲ್ಲೂ ಫ್ರೀಬಿಎಸ್‌ಡಿ ಇರಲಿ. ಸೋರ್ಸ್ ಮತ್ತು ಆಬ್ಜ್ ಎರಡನ್ನೂ ಎನ್‌ಎಫ್‌ಎಸ್ (ನೆಟ್‌ವರ್ಕಿನಲ್ಲಿ ಫೋಲ್ಡರ್ ಹಂಚುವ ವ್ಯವಸ್ಥೆ) ಮೂಲಕ ಪಿಸಿಯಲ್ಲಿ ಅದೇ ಪಾತ್‌ಗೆ ಮೌಂಟ್ ಮಾಡಿ ಇನ್‌ಸ್ಟಾಲ್ ಮಾಡಿ. ಲ್ಯಾಪ್‌ಟಾಪಿನ ಬಿಲ್ಡ್ ಸೆಟ್ಟಿಂಗ್ ಫೈಲಾದ ಮೇಕ್.ಕಾನ್ಫ್‌ನಲ್ಲಿ ಸಿಪಿಯುಟೈಪ್ ಇದ್ದರೆ ಬಿಲ್ಡಿಗೆ ಮೊದಲೇ ತೆಗೆಯಿರಿ, ಹೊಸ ಪ್ರೊಸೆಸರಿಗೆ ಅಂತ ಕಂಪೈಲ್ ಆದದ್ದು ಹಳೆ ಪಿಸಿಯಲ್ಲಿ ಓಡದೆ ಹೋಗಬಹುದು.

ಕುಂಬಳೆ_ಅಕ್ಕ:
ಎಲ್ಲಕ್ಕಿಂತ ಮೊದಲು ಸ್ಕ್ಯಾನುಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡು ತಮ್ಮಾ, ಅವು ಹೋದರೆ ಯಾವ ಸೋರ್ಸಿನಿಂದಲೂ ಮತ್ತೆ ಬಿಲ್ಡ್ ಮಾಡಲು ಆಗುವುದಿಲ್ಲ. ಝಡ್‌ಎಫ್‌ಎಸ್ ಇರುವುದರಿಂದ ಬಿಇಸಿಟಿಎಲ್ ಕಮಾಂಡಿನಲ್ಲಿ ಒಂದು ಬೂಟ್ ಎನ್ವಿರಾನ್ಮೆಂಟ್ (ಈಗಿನ ಸಿಸ್ಟಮ್ಮಿನ ಬೂಟ್ ಮಾಡಬಹುದಾದ ಪ್ರತಿ) ಮಾಡಿಡು, ಏನಾದರೂ ಎಡವಟ್ಟಾದರೆ ಬೂಟ್ ಮೆನುವಿನಿಂದ ಹಳೇ ಸಿಸ್ಟಮ್ಮಿಗೆ ಮರಳಬಹುದು. ಝಡ್‌ಪೂಲ್ ಅಪ್‌ಗ್ರೇಡ್ (ಝಡ್‌ಎಫ್‌ಎಸ್ ಡಿಸ್ಕ್ ಪೂಲಿಗೆ ಹೊಸ ಫೀಚರ್ ಹಾಕುವುದು) ಮಾತ್ರ ಈಗಲೇ ಮಾಡಬೇಡ. ಅದು ಆದರೆ 13ರ ಕರ್ನೆಲ್ಲಿಗೆ ಆ ಪೂಲ್ ತೆರೆಯಲು ಬಾರದೆ ಹೋಗಬಹುದು, ಮತ್ತೆ ಬೂಟ್ ಎನ್ವಿರಾನ್ಮೆಂಟ್ ಇದ್ದೂ ಪ್ರಯೋಜನ ಇಲ್ಲ. ಪ್ಯಾಕೇಜುಗಳನ್ನೆಲ್ಲ 14ಕ್ಕೆ ಮರು ಇನ್‌ಸ್ಟಾಲ್ ಮಾಡಿದ ಮೇಲೆಯೇ ಡಿಲೀಟ್-ಓಲ್ಡ್-ಲಿಬ್ಸ್ ಓಡಿಸು, ಹಳೇ ಪ್ಯಾಕೇಜುಗಳು ಅಲ್ಲಿಯವರೆಗೆ ಹಳೇ ಲೈಬ್ರರಿಗಳನ್ನೇ ನಂಬಿಕೊಂಡಿರುತ್ತವೆ.