ಕೌದಿಯ ಅಂಚು ಹಪ್ಪಳದಂತೆ ಏಳುತ್ತಿದೆ, ಏನು ಮಾಡಲಿ?

ಪುಣೆಯ ಕೋಥ್ರೂಡ್‌ನಿಂದ ಪ್ರಶ್ನೆ

ಅಮ್ಮ ಉಟ್ಟು ಬಿಟ್ಟ ಹನ್ನೊಂದು ಸೀರೆಗಳಿಂದ ಒಂದು ಕೌದಿ ಹೊಲಿದಿದ್ದೇನೆ. ಅಗಲ 60 ಇಂಚು, ಉದ್ದ 90. ಒಳಗೆ ತೆಳುವಾದ ಹತ್ತಿಯ ಹಾಸು, ಹಿಂಬದಿಗೆ ಅಪ್ಪನ ಧೋತರ. ನಡುವಿನ ಹೊಲಿಗೆ ಮುಗಿದು ಎರಡು ತಿಂಗಳಾಯಿತು, ಆದರೆ ಅಂಚಿಗೆ ಪಟ್ಟಿ ಹಾಕುವಲ್ಲಿ ಸೋತಿದ್ದೇನೆ. ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದೆ. ಅಂಚು ಹಪ್ಪಳದಂತೆ ಏಳುತ್ತದೆ, ಮೂಲೆಗಳು ಗಂಟಾಗುತ್ತವೆ. ಹತ್ತಿರದ ಟೇಲರ್ ಮುಟ್ಟಿ ನೋಡಿ, ಇಷ್ಟು ದಪ್ಪ ತನ್ನ ಮೆಷಿನ್ನಿಗೆ ಆಗದು ಎಂದು ಮರಳಿಸಿದರು. ದೀಪಾವಳಿಗೆ ಅಮ್ಮ ಧಾರವಾಡದಿಂದ ಬರುತ್ತಾರೆ. ಅಕ್ಕಂದಿರೇ, ಕೈಯಲ್ಲಿ ಹೊಲಿಯಲೇ, ಮೆಷಿನ್ನಿನಲ್ಲೇ? ನೀವೆಲ್ಲ ಹೇಗೆ ಮುಗಿಸುತ್ತೀರಿ?

ಡೊಂಬಿವಲಿಯಿಂದ

ತಂಗಿ, ಮೊದಲು ಆ ಬಿಚ್ಚುವ ಕೆಲಸ ನಿಲ್ಲಿಸು. ಹಳೆಯ ಸೀರೆಯ ಬಟ್ಟೆಗೆ ತಾಳ್ಮೆ ಕಡಿಮೆ. ಅದೇ ಜಾಗದಲ್ಲಿ ನಾಲ್ಕನೆಯ ಸಲ ಸೂಜಿ ಚುಚ್ಚಿದರೆ ಅಂಚು ಜರಡಿಯಾಗುತ್ತದೆ.

ಇಪ್ಪತ್ತೇಳು ವರ್ಷಗಳಿಂದ ಹೊಲಿಯುತ್ತಿದ್ದೇನೆ. ಗಂಡ ಬೆಳಗಿನ ಲೋಕಲ್ ಹಿಡಿದು ಹೋದ ಮೇಲೆ ರಾತ್ರಿಯವರೆಗೆ ಮನೆ ಭಣಗುಟ್ಟುತ್ತಿತ್ತು, ಆಗ ಹತ್ತಿದ ಚಟ ಇದು. ಅಂಚು ಎದ್ದರೆ ಎಲ್ಲರೂ ಪಟ್ಟಿಯನ್ನೇ ಬೈಯುತ್ತಾರೆ. ನಾನು ಕಂಡಂತೆ ಪಟ್ಟಿ ಕೈಗೆ ಬರುವ ಮೊದಲೇ ಆ ತಪ್ಪು ನಡೆದುಹೋಗಿರುತ್ತದೆ. ಕೌದಿಯನ್ನು ನೆಲಕ್ಕೆ ಹಾಸು. ಟೇಪು ಹಿಡಿದು ಉದ್ದವನ್ನು ನಟ್ಟನಡುವೆ ಅಳೆ, ಆಮೇಲೆ ಎರಡೂ ಅಂಚುಗಳಲ್ಲಿ ಅಳೆ. ನಡುವೆ ಕಡಿಮೆ, ಅಂಚಿನಲ್ಲಿ ಹೆಚ್ಚು ಬಂದೇ ಬರುತ್ತದೆ, ಪಂತ ಕಟ್ಟುತ್ತೇನೆ. ನಡುವಿನಲ್ಲಿ ಹುರುಪಿನಿಂದ ಒತ್ತೊತ್ತಾಗಿ ಹೊಲಿದಿರುತ್ತೇವೆ, ಅಲ್ಲಿ ಬಟ್ಟೆ ಕುಗ್ಗುತ್ತದೆ. ಅಂಚಿಗೆ ಬರುವಷ್ಟರಲ್ಲಿ ಬೆರಳು ಸೋತು ಸಾಲುಗಳ ನಡುವಿನ ಅಂತರ ದೊಡ್ಡದಾಗಿರುತ್ತದೆ, ಅಲ್ಲಿ ಬಟ್ಟೆ ಹಾಗೆಯೇ ಉಳಿಯುತ್ತದೆ. ಹೆಚ್ಚುವರಿ ಬಟ್ಟೆ ಇನ್ನೆಲ್ಲಿಗೆ ಹೋದೀತು? ಮೇಲಕ್ಕೆ ಏಳುತ್ತದೆ. ಅದರ ಮೇಲೆ ಪಟ್ಟಿಯನ್ನು ಅಳೆಯದೆ, ಹೊಲಿದಷ್ಟು ಬಿಡುತ್ತ ಹೋದರೆ ಹಪ್ಪಳ ಖಾಯಂ.

ಆದ್ದರಿಂದ ಅಂಚಿನ ನಾಲ್ಕು ಇಂಚಿನಲ್ಲಿ ನಡುವಿನಷ್ಟೇ ಒತ್ತಾಗಿ ಇನ್ನೂ ಎರಡು ಮೂರು ಸಾಲು ಹಾಕು. ಬಳಿಕ ಅಂಚಿನಿಂದ ಕಾಲು ಇಂಚಿಗೂ ಕಡಿಮೆ ಒಳಗೆ, ಸುತ್ತಲೂ ಕಚ್ಚಾ ಹೊಲಿಗೆ ಹಾಕು. ಆ ದಾರವನ್ನು ಮೆಲ್ಲಗೆ ಎಳೆದು, ನೆರಿಗೆ ಕಾಣದಂತೆ, ನಡುವಿನ ಅಳತೆಗೆ ಅಂಚನ್ನು ಇಳಿಸು. 90 ಇಂಚಿನಲ್ಲಿ ಒಂದೂವರೆ ಎರಡು ಇಂಚು ಹೀಗೆ ಅಡಗಿಸುವುದು ಕಷ್ಟವಲ್ಲ. ಕರ್ಣ ಎರಡೂ ಸಮ ಇವೆಯೇ ಎಂದೂ ನೋಡು. ನಮ್ಮ ಹಾಲ್‌ನ ಟೈಲ್ಸ್ ಗೆರೆಗಳೇ ನನಗೆ ಮೂಲೆಮಟ್ಟ. ಕೌದಿಯ ಒಂದು ಬದಿಯನ್ನು ಗೆರೆಗೆ ಕೂಡಿಸಿಟ್ಟರೆ ಉಳಿದ ಮೂರರ ಸೊಟ್ಟ ತಾನೇ ಕಾಣುತ್ತದೆ.

ಈಗ ಪಟ್ಟಿ. ಸುತ್ತಳತೆ 300 ಇಂಚು, ಮೂಲೆಗೂ ಜೋಡಣೆಗೂ ಇನ್ನು 12. ಪಟ್ಟಿಯ ಅಗಲ ಎರಡೂವರೆ ಇಂಚು, ಕೌದಿ ದಪ್ಪವಾಗಿದ್ದರೆ ಎರಡೂ ಮುಕ್ಕಾಲು. 44 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಲ್ಲಿ ಎಂಟು ಪಟ್ಟಿ ಬೇಕಾಗುತ್ತದೆ, ಮುಕ್ಕಾಲು ಮೀಟರ್ ಸಾಕು. ಪಟ್ಟಿಗಳನ್ನು ಒಂದಕ್ಕೊಂದು ಓರೆಯಾಗಿ ಜೋಡಿಸು. ನೇರ ಜೋಡಿಸಿದರೆ ಮಡಚಿದಾಗ ಅಷ್ಟೂ ಪದರ ಒಂದೇ ಕಡೆ ಸೇರಿ ಬೆರಳಿಗೆ ಕಲ್ಲಿನಂತೆ ಸಿಗುತ್ತದೆ. ಉದ್ದಕ್ಕೆ ಮಧ್ಯದಲ್ಲಿ ಮಡಚಿ ಇಸ್ತ್ರಿ ಮಾಡು, ಎರಡು ಪದರದ ಪಟ್ಟಿ ಹೆಚ್ಚು ಕಾಲ ಬಾಳುತ್ತದೆ. ಕೌದಿ ಎಲ್ಲಕ್ಕಿಂತ ಮೊದಲು ಸವೆಯುವುದು ಅಂಚಿನಲ್ಲೇ. ಪ್ರತಿ ಬದಿಗೂ ಕೌದಿಯ ನಡುವಿನ ಅಳತೆಯನ್ನೇ ಪಟ್ಟಿಯ ಮೇಲೆ ಚಾಕ್‌ನಿಂದ ಗುರುತು ಹಾಕಿ, ಅದನ್ನು ನಾಲ್ಕು ಭಾಗ ಮಾಡಿ, ಮುಂಬದಿಯಲ್ಲಿ ಆ ಅಂಚಿನ ನಾಲ್ಕು ಭಾಗಗಳಿಗೆ ಪಿನ್ ಮಾಡಿ ಹೊಲಿ. ನೀನು ಬಿಟ್ಟ ಹೆಜ್ಜೆ ಇದೇ ಇರಬೇಕು.

ಮೂಲೆಗೆ ಕಾಲು ಇಂಚು ಇರುವಾಗ ನಿಲ್ಲು, ನಾಲ್ಕು ಟಾಕು ಹಿಂದಕ್ಕೆ ಹಾಕಿ ದಾರ ಕತ್ತರಿಸು. ಪಟ್ಟಿಯನ್ನು ಮೇಲಕ್ಕೆ, ಮುಂದಿನ ಬದಿಯ ಗೆರೆಗೆ ನೇರವಾಗಿ ನಿಲ್ಲಿಸು, ಓರೆ ಮಡಿಕೆ ಬೀಳುತ್ತದೆ. ಆ ಮಡಿಕೆಯನ್ನು ಬೆರಳಲ್ಲಿ ಹಿಡಿದುಕೊಂಡೇ ಪಟ್ಟಿಯನ್ನು ಕೆಳಕ್ಕೆ ತಿರುಗಿಸು, ಮೇಲಿನ ಮಡಿಕೆ ಕೌದಿಯ ಅಂಚಿಗೆ ಸಮವಾಗಿರಲಿ. ಅಲ್ಲಿಂದ ಮತ್ತೆ ಹೊಲಿ. ಓದಿದರೆ ತಲೆ ತಿರುಗುತ್ತದೆ, ಗೊತ್ತು. ಒಂದು ಹಾಳೆಯ ಮೂಲೆಗೆ ಕಾಗದದ ಪಟ್ಟಿ ಇಟ್ಟು ಮಡಚಿ ನೋಡು, ಎರಡು ನಿಮಿಷದಲ್ಲಿ ಕೈಗೆ ಹತ್ತುತ್ತದೆ. ಗಂಟಾಗುವುದಕ್ಕೆ ಕಾರಣ ಮೂಲೆಯ ತುದಿಯವರೆಗೂ ಹೊಲಿದುಬಿಡುವುದು.

ಸುತ್ತ ಮುಗಿದ ಮೇಲೆ ಪಟ್ಟಿಯನ್ನು ಹಿಂದಕ್ಕೆ ಮಡಚಿ, ಹಿಂಬದಿ ನಾನಂತೂ ಕೈಯಲ್ಲೇ ಹೊಲಿಯುತ್ತೇನೆ. ಒಂಟಿ ಎಳೆ, ಮೊಳಕೈಯಿಂದ ಬೆರಳ ತುದಿಯವರೆಗಿನ ಉದ್ದ, ಜೇನುಮೇಣ ಸವರಿದ ದಾರ, ಎಡಗೈಯಲ್ಲಿ ಕ್ಲಿಪ್ಪು, ಬಲಗೈ ನಡುಬೆರಳಿಗೆ ಅಂಗುಸ್ತಾನ, ಅಂದರೆ ಸೂಜಿ ತಳ್ಳುವ ಬೆರಳುಟೋಪಿ. ನಿನ್ನ ಅಳತೆಯ ಕೌದಿಗೆ ನನಗೆ ನಾಲ್ಕು ಸಂಜೆ ಹಿಡಿಯುತ್ತದೆ.

ಪಟ್ಟಿಗೆ ಹಳೆಯ ಸೀರೆ ಬೇಡ, ಎಷ್ಟೇ ಪ್ರೀತಿಯದಾಗಿರಲಿ. ಗುಳೇದಗುಡ್ಡದ ಖಣ ಹಾಕುವ ಆಸೆ ನನಗೂ ಬಂದಿತ್ತು, ಹಾಕಿದೆ, ಕತ್ತರಿಸಿದಲ್ಲೆಲ್ಲ ಎಳೆ ಬಿಚ್ಚಿಕೊಂಡು ಒಂದೇ ವರ್ಷದಲ್ಲಿ ಗಡ್ಡ ಬಿಟ್ಟಿತು. ಹೊಸ ಹತ್ತಿ ಬಟ್ಟೆ ತಾ. ನಾನು ಮಂಗಳದಾಸ್ ಮಾರ್ಕೆಟ್‌ಗೆ ಹೋಗುತ್ತೇನೆ, ನಿನಗೆ ಲಕ್ಷ್ಮಿ ರಸ್ತೆ ಇದೆ. ತಂದ ಕೂಡಲೇ ನೆನೆಸು. ಗಾಢ ಕೆಂಪು ಪಟ್ಟಿಯೊಂದನ್ನು ಒಗೆಯದೆ ಹಾಕಿ, ಮೊದಲ ಒಗೆತಕ್ಕೇ ಬಿಳಿ ಧೋತರದ ಹಿಂಬದಿಯೆಲ್ಲ ಕುಂಕುಮ ಚೆಲ್ಲಿದಂತಾಗಿದ್ದು ಇಂದಿಗೂ ನನ್ನ ಮನೆಯಲ್ಲಿದೆ. ಉಪ್ಪುನೀರು ಬಣ್ಣ ಹಿಡಿಸುತ್ತದೆ ಎನ್ನುವವರ ಮಾತು ಕೇಳಿಯೇ ನಾನು ಕೆಟ್ಟದ್ದು. ನೀರು ತಿಳಿಯಾಗುವವರೆಗೆ ಒಗೆಯುವುದೊಂದೇ ದಾರಿ.

ಮಡಗಾಂವ್‌ನಿಂದ

ಅಕ್ಕ ಹೇಳಿದ್ದರಲ್ಲಿ ತೆಗೆಯುವಂಥದ್ದು ಏನೂ ಇಲ್ಲ. ಒಂದು ಬೇರೆ ದಾರಿಯೂ ಇದೆ ಎನ್ನಲು ಬರೆಯುತ್ತಿದ್ದೇನೆ. ನನ್ನ ತವರು ಯಲ್ಲಾಪುರದ ಕಡೆ. ಅಲ್ಲಿಯ ಆಫ್ರಿಕಾ ಮೂಲದ ಸಿದ್ದಿ ಹೆಂಗಸರು ಕೌದಿಯನ್ನು ಮೂಲೆಯಿಂದ ಶುರುಮಾಡಿ ಅಂಚಿನ ಸುತ್ತ ಹೊಲಿಯುತ್ತ ಒಳಕ್ಕೆ ಬಂದು ನಡುವಿನಲ್ಲಿ ಮುಗಿಸುತ್ತಾರೆ. ಅಂಚು ಮೊದಲೇ ಗಟ್ಟಿಯಾಗುವುದರಿಂದ ಕೊನೆಯಲ್ಲಿ ಈ ಪಟ್ಟಿಯ ಪರದಾಟವಿಲ್ಲ. ನಾಲ್ಕು ಮೂಲೆಗೂ ಬಣ್ಣದ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೊಲಿಯುತ್ತಾರೆ. ಅದಕ್ಕೆ ‘ಫುಲ’ ಎಂದು ಹೆಸರು, ಹೂವು ಎಂದರ್ಥ. ಅದಿಲ್ಲದ ಕೌದಿ ಬತ್ತಲೆ ಎನ್ನುವುದು ಅವರ ಮಾತು. ಆ ಜನರ ಹಿರಿಯರಲ್ಲಿ ಎಷ್ಟೋ ಮಂದಿಯನ್ನು ಪೋರ್ಚುಗೀಸರು ಗುಲಾಮರನ್ನಾಗಿ ತಂದು ಇಳಿಸಿದ್ದು ಇದೇ ಗೋವಾದಲ್ಲಿ. ಇಲ್ಲಿ ಕುಳಿತು ಮೂಲೆಗೆ ಹೂವು ಹೊಲಿಯುವಾಗ ಒಮ್ಮೊಮ್ಮೆ ಅದು ನೆನಪಾಗುತ್ತದೆ. ನಿಮ್ಮ ಮೂಲೆಯ ಮಡಿಕೆ ಚೂರು ಸೊಟ್ಟಗಾದರೆ ಅದರ ಮೇಲೊಂದು ಫುಲ ಕೂರಿಸಿ, ಯಾರಿಗೂ ಕಾಣದು.

ಮತ್ತೊಂದು ಮಾತು. ಮಳೆಗಾಲದಲ್ಲಿ ಹೊಲಿದ ಕೌದಿಯನ್ನು ಬಿಸಿಲು ಕಾಣಿಸದೆ ಮಡಚಿಡಬೇಡಿ. ಹತ್ತಿಯ ಹಾಸು ತೇವ ಹೀರಿಕೊಂಡು ಒಳಗೇ ಬೂಷ್ಟು ಹಿಡಿಯುತ್ತದೆ, ಕಪ್ಪು ಚುಕ್ಕೆ ಹೊರಗೆ ಕಾಣಿಸುವಾಗ ತಡವಾಗಿರುತ್ತದೆ.

ಪಿಂಪ್ರಿಯಿಂದ

ಅಕ್ಕಂದಿರ ನಡುವೆ ಒಬ್ಬ ಗಂಡಸು ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಹೆಂಡತಿಯ ಮೆಷಿನ್ ನನ್ನದಾಯಿತು. ಮೆಷಿನ್ನಿಗೆ ಆಗದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 16ನೇ ನಂಬರಿನ ಹೊಸ ಸೂಜಿ ಹಾಕಿ, ಹೊಲಿಗೆಯ ಉದ್ದ 3 ಮಿಲಿಮೀಟರ್ ಇಡಿ, ಪಾದದ ಒತ್ತಡ ಸಡಿಲಿಸಿ. ಮೇಲಿನ ಬಟ್ಟೆಯನ್ನೂ ಎಳೆಯುವ ವಾಕಿಂಗ್ ಫುಟ್ ಸಿಕ್ಕರೆ ಅರ್ಧ ಕಷ್ಟ ಕಳೆಯಿತು. ಅದಿಲ್ಲದೆ ಕೆಳಗಿನ ಪದರ ಮುಂದೆ ಹೋಗಿ ಮೇಲಿನದು ಹಿಂದೆ ಉಳಿಯುತ್ತದೆ, ಪಟ್ಟಿ ತಿರುಚಿಕೊಳ್ಳುತ್ತದೆ. ನಾನು ಪಟ್ಟಿಯನ್ನು ಮೊದಲು ಹಿಂಬದಿಗೆ ಹೊಲಿದು, ಮುಂದಕ್ಕೆ ಮಡಚಿ, ಮೇಲಿನಿಂದಲೇ ಹೊಲಿಗೆ ಹಾಕುತ್ತೇನೆ. ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಮೊಮ್ಮಕ್ಕಳ ಕೌದಿ ವಾರಕ್ಕೊಮ್ಮೆ ವಾಷಿಂಗ್ ಮೆಷಿನ್ ಸೇರುತ್ತದೆ, ಕೈಹೊಲಿಗೆ ಅಲ್ಲಿ ಎಷ್ಟು ದಿನ ತಡೆದೀತು?

ಡೊಂಬಿವಲಿಯಿಂದ ಮತ್ತೆ

ಅಣ್ಣಾ, ಮೊಮ್ಮಕ್ಕಳ ಕೌದಿಗೆ ನಿಮ್ಮದೇ ಸರಿ, ನಾನೂ ಹಾಗೆಯೇ ಮಾಡುತ್ತೇನೆ. ಹಳೆಯ ಸೀರೆಯ ಮೇಲೆ ಮೆಷಿನ್ನಿನ ಹೊಲಿಗೆ ಬ್ಲೇಡಿನಂತೆ ಕೊಯ್ಯುವುದನ್ನು ನೋಡಿದ್ದೇನೆ, ಅದಕ್ಕೆ ಅವಳಿಗೆ ಕೈ ಎಂದೆ. ಮುಂಬದಿಗೆ ಮೆಷಿನ್, ಹಿಂಬದಿಗೆ ಕೈ, ಅಲ್ಲಿಗೆ ರಾಜಿಯಾಗೋಣ.

ಕೋಥ್ರೂಡ್‌ನಿಂದ

ಅಳೆದೆ. ನಡುವೆ 88 ಕಾಲು, ಎಡ ಅಂಚಿನಲ್ಲಿ 90, ಬಲದಲ್ಲಿ 89 ಮುಕ್ಕಾಲು. ಅಕ್ಕ ಪಂತ ಗೆದ್ದರು. ಅಂಚಿಗೆ ಸಾಲು ಹಾಕಲು ಇವತ್ತೇ ಕುಳಿತಿದ್ದೇನೆ. ಪಟ್ಟಿಯನ್ನು ಎಲ್ಲಿಂದ ಶುರುಮಾಡಲಿ? ಕೊನೆಯ ಜೋಡಣೆ ಪ್ರತಿ ಸಲವೂ ಉಬ್ಬಿಕೊಳ್ಳುತ್ತದೆ.

ಡೊಂಬಿವಲಿಯಿಂದ

ಮೂಲೆಯಿಂದ ಶುರುಮಾಡಲೇಬೇಡ. ಒಂದು ಬದಿಯ ಮಧ್ಯದಲ್ಲಿ ಶುರುಮಾಡು, ಪಟ್ಟಿಯ ತಲೆಯನ್ನು ಹತ್ತು ಇಂಚು ಸಡಿಲ ಬಿಡು. ಸುತ್ತಿ ಬಂದ ಮೇಲೆ ಮೊದಲ ಹೊಲಿಗೆಗೆ ಇನ್ನೂ ಹತ್ತು ಹನ್ನೆರಡು ಇಂಚು ಇರುವಾಗಲೇ ನಿಲ್ಲಿಸು. ಎರಡು ತುದಿಗಳನ್ನು ಒಂದರ ಮೇಲೊಂದು ಹಾಸಿ, ಮಡಚುವ ಮೊದಲಿನ ಪಟ್ಟಿಯ ಅಗಲ ಎಷ್ಟಿತ್ತೋ ಅಷ್ಟನ್ನೇ ಒಂದರ ಮೇಲೊಂದು ಬರುವಂತೆ ಉಳಿಸಿ ಮಿಕ್ಕದ್ದನ್ನು ಕತ್ತರಿಸು. ಮಡಿಕೆ ಬಿಡಿಸಿ, ತುದಿಗಳನ್ನು ಲಂಬವಾಗಿ ಇಟ್ಟು ಓರೆಯಾಗಿ ಹೊಲಿ, ಉಳಿದ ಅಂತರ ಮುಚ್ಚು. ಶುರುಮಾಡುವ ಬದಿ ಕಾಲಿನ ಕಡೆಯದಾಗಿರಲಿ. ಮೊದಲ ಸಲ ಮಾಡಿದ ಜೋಡಣೆ ಸ್ವಲ್ಪ ಒರಟಾಗಿಯೇ ಬರುತ್ತದೆ, ಅದು ಅಮ್ಮನ ಗಲ್ಲಕ್ಕೆ ತಾಗುವುದು ಬೇಡ.